ಬೊಂಬೆ ಕೂತ ದೋಣಿ

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಅಟ್ಟದಿಂದ ಬೊಂಬೆ ಟ್ರಂಕು ಇಳಿಸುವುದು ನಮ್ಮ ಮನೆಯ ವಾಡಿಕೆ. ಈ ಸಲ ಇಳಿಸಿ, ಹಳೇ ಪಂಚೆಯ ಸುತ್ತು ಬಿಚ್ಚಿ ಶೆಟ್ಟಿ ಬೊಂಬೆಯನ್ನು ಕೈಗೆತ್ತಿಕೊಂಡರೆ ಅವನ ಬುಡದಲ್ಲಿ ವಾರ್ನಿಷ್ ಇನ್ನೂ ಮಿರಮಿರ ಎನ್ನುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ವಾಸನೆಯೂ ಹೋಗಿಲ್ಲ. ಅಕ್ಕಿ, ಬೇಳೆ, ಬೆಲ್ಲ ಹರಡಿಕೊಂಡು ಅಂಗಡಿಯ ಮುಂದೆ ಕೂರಬೇಕಾದ ಶೆಟ್ಟಿ, ಮೂರು ವರ್ಷದ ಹಿಂದಿನ ದಸರಾದಲ್ಲಿ ಅಂಗಡಿ ಸಮೇತ ದೋಣಿಯಲ್ಲಿ ಕೂತಿದ್ದ. ಇಳಿಸುವಾಗ ಸ್ವಲ್ಪ ಅಂಟಿಕೊಂಡಿದ್ದ ಕೂಡ. ಅವನಿಗೂ ಇಳಿಯಲು ಮನಸ್ಸಿರಲಿಲ್ಲವೋ ಏನೋ.

ನಾನು ಹುಟ್ಟಿ ಬೆಳೆದದ್ದು ದೇವರಾಜ ಮೊಹಲ್ಲಾದಲ್ಲಿ. ನೀರು ಅಂದರೆ ನಮಗೆ ನಲ್ಲಿ. ಅದು ಬರುವ ಹೊತ್ತು, ಬರದ ಹೊತ್ತು, ಇಷ್ಟೇ ನಮ್ಮ ಜಲಜ್ಞಾನ. ಕೆರೆ ಇರುವುದು ಬೆಳಿಗ್ಗೆ ಅದರ ಸುತ್ತ ನಡೆಯುವುದಕ್ಕೆ, ಇಳಿಯುವುದಕ್ಕಲ್ಲ. ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರ ಮನೆಗೆ ಸೊಸೆಯಾಗಿ ಬಂದೆ. ನಮ್ಮ ಯಜಮಾನರು ಅಂಚೆ ಇಲಾಖೆಯಲ್ಲಿ ಊರೂರು ತಿರುಗಿ ನಿವೃತ್ತರಾಗಿ, ಅಜ್ಜನ ಕಾಲದ ಈ ಮನೆಗೆ ವಾಪಸಾದವರು. ಇಂಥ ಒಣಗಿದ ಮನೆತನಕ್ಕೆ ನಮ್ಮ ಮಗ ಸುಧೀಂದ್ರ ಹೊನ್ನಾವರದ ಕಡೆಯ ಮೀನುಗಾರರ ಮಗಳನ್ನು ಮದುವೆ ಮಾಡಿಕೊಂಡು ಬಂದ. ಇಬ್ಬರೂ ಹೂಟಗಳ್ಳಿಯ ಒಂದೇ ಕಾರ್ಖಾನೆಯಲ್ಲಿ ಇಂಜಿನಿಯರುಗಳು. ಆಗ ನಾನು ಮೂರು ದಿನ ಮಾತು ಬಿಟ್ಟಿದ್ದೆ. ನಾಲ್ಕನೆಯ ದಿನ ನಯನ ಅಡಿಗೆಮನೆಗೆ ಬಂದು, "ಅತ್ತೆ, ನೀವು ಮಾತಾಡದೇ ಇದ್ರೆ ಈ ಮನೇಲಿ ಶಬ್ದಾನೇ ಇಲ್ಲ ಕಣ್ರೀ" ಅಂದಳು. ಅಂಥವಳ ಜೊತೆ ಎಷ್ಟು ದಿನ ಕೋಪ ಮಾಡಿಕೊಂಡಿರಲು ಸಾಧ್ಯ?

ದೋಣಿಯ ವಿಷಯ ಅವಳು ತೆಗೆದದ್ದೂ ಅಡಿಗೆಮನೆಯಲ್ಲೇ, ಹುರಳಿಕಾಯಿ ಸೋಸುತ್ತಾ. ಅವಳ ಅಪ್ಪ ಮಂಜಯ್ಯನವರಿಗೆ ಅದಕ್ಕೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಸೋತಿತ್ತು. ಮನೆಯವರು ಅವರನ್ನು ದೋಣಿ ಹತ್ತಲು ಬಿಡುತ್ತಿರಲಿಲ್ಲ, ಆಮೇಲೆ ದೋಣಿಯನ್ನೇ ಮಾರಿಬಿಟ್ಟರು. ಹುಡುಗುತನದಲ್ಲಿ ಹಾಯಿ ಕಟ್ಟಿ ಸಮುದ್ರಕ್ಕೆ ಹೋದ ಕಡೆಯ ತಲೆಮಾರಿನವರು ಅವರು. ಈಗ ಜಗಲಿಯಲ್ಲಿ ಕೂತು ಬೇರೆಯವರ ದೋಣಿ ಬರುವುದನ್ನು ನೋಡುತ್ತಾರಂತೆ. "ಒಂದು ಸಲ, ನಾನು ಮಾಡಿದ ಹಾಯಿ ದೋಣೀಲಿ ಅಪ್ಪನ್ನ ಕೂರಿಸಿಕೊಂಡು ಒಂದು ಸುತ್ತು ಹೋಗ್ಬೇಕು ಅತ್ತೆ. ಅಷ್ಟೇ" ಅಂದಳು. ಅಷ್ಟೇ ಅಲ್ಲ ಅನ್ನುವುದು ಮೆಲ್ಲಗೆ ಗೊತ್ತಾಯಿತು. ಅವಳನ್ನು ಅಪ್ಪ ಒಂದು ದಿನವೂ ದೋಣಿ ಹತ್ತಿಸಿಕೊಂಡವರಲ್ಲ. ಅವರ ಕಡೆ ಹೆಣ್ಣುಮಕ್ಕಳು ದೋಣಿಗೆ ಹೋಗುವ ಪದ್ಧತಿಯಿಲ್ಲ. ಹೊಸದಾಗಿ ದೋಣಿಗೆ ಸೇರಿದ ಹುಡುಗನಿಗೆ ಮೊದಲು ಕೊಡುವ ಕೆಲಸ ತಳದಲ್ಲಿ ಕೂತು, ಒಳಗೆ ಬಂದ ನೀರನ್ನು ಮೊಗೆದು ಹೊರಗೆ ಚೆಲ್ಲುವುದು. ನೀರು ಮೊಗೆಯದವನು ಹುಟ್ಟು ಮುಟ್ಟುವಂತಿಲ್ಲ. ಅವಳ ತಮ್ಮನಿಗೆ ಆ ಕೆಲಸ ಸಿಕ್ಕಿತು. ಇವಳು ನಾನೂ ಮೊಗೀತೀನಿ ಅಂತ ಅತ್ತು, ದಂಡೆಯ ಮರಳಿನಲ್ಲಿ ನಿಂತು, ಅದೇ ಮರಳಿನಲ್ಲಿ ದೊಡ್ಡವಳಾದಳು.

ಯುಗಾದಿ ಮುಗಿದ ಮೇಲೆ ಕೆಲಸ ಶುರುವಾಯಿತು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲೈವುಡ್ ಹಲಗೆಗಳು ಬಂದು ಬಿದ್ದವು. ಕಾರು ಬೀದಿಗೆ ಬಿತ್ತು. ಅವಳು ಹಲಗೆಗಳನ್ನು ಮೀನಿನ ಆಕಾರಕ್ಕೆ ಕುಯ್ದು, ಅಂಚಿನಲ್ಲಿ ತೂತು ಹೊಡೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದಳು. ರವಿಕೆಯ ತುಂಡುಗಳನ್ನು ಜೋಡಿಸಿದ ಹಾಗೇ. ಹೊಲಿಗೆಯ ಮೇಲೆ ಅಂಟು, ಅಂಟಿನ ಮೇಲೆ ಬಟ್ಟೆ ಪಟ್ಟಿ, ಆಮೇಲೆ ತಂತಿ ಕಿತ್ತು ಉಜ್ಜುವುದು. ಉಜ್ಜಿದಳು, ಉಜ್ಜಿದಳು, ಆಷಾಢ ಬಂತು. ಸೋನೆ ಮಳೆ ಓರೆಯಾಗಿ ಹೊಡೆಯತೊಡಗಿತು. ನಾಲ್ಕು ಜನ ಹಿಡಿದು ದೋಣಿಯನ್ನು ಹಾಲಿಗೆ ತಂದಿಟ್ಟೆವು. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ, ಬಾಗಿಲಲ್ಲಿ ಹೊರಗೆ ಹೋಗುತ್ತದಾ ಅಂತ. ಇಂಜಿನಿಯರ್ ಅಳತೆ ಮಾಡದೇ ಒಳಗೆ ತರುತ್ತಾಳೆಯೇ? ಹಳೇ ಮನೆಯ ಜೋಡಿ ಬಾಗಿಲು, ಧಾರಾಳವಾಗಿ ಹೋಗುತ್ತಿತ್ತು. ಕೇಳಿದವರಿಗೆ ಸ್ವಲ್ಪ ನಿರಾಸೆಯೇ ಆಗುತ್ತಿತ್ತು ಅನ್ನಿಸುತ್ತದೆ.

ಹಾಯಿಯನ್ನು ಹೊಲಿಸಿದ್ದು ಉದಯಗಿರಿಯ ಒಬ್ಬ ಶಾಮಿಯಾನ ಹೊಲಿಯುವವರ ಹತ್ತಿರ. ಅಷ್ಟು ದಪ್ಪ ಬಟ್ಟೆಗೆ ನನ್ನ ಮೆಷಿನ್ ಹಲ್ಲು ಕಚ್ಚಲಿಲ್ಲ. ಅವರು ನಯನ ಬರೆದುಕೊಟ್ಟ ಅಳತೆಗೆ ಎಳೆ ತಪ್ಪದಂತೆ ಹೊಲಿದು, ಕಡೆಗೆ ಕೈ ಸುಮ್ಮನಿರದೆ ಕೆಳ ಅಂಚಿಗೆ ಕೆಂಪು ಹಳದಿಯ ಝಾಲರೂ ಇಟ್ಟುಕೊಟ್ಟಿದ್ದರು. ನಯನ ಬಿದ್ದು ಬಿದ್ದು ನಕ್ಕಳು. ಝಾಲರು ಬಿಚ್ಚಿ ನಾನು ಎತ್ತಿಟ್ಟುಕೊಂಡೆ. ಮೈಸೂರಿನವರು ನಾವು, ಝಾಲರು ಬಿಸಾಕುವುದಿಲ್ಲ.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ದೋಣಿ ಹಾಲಿನಿಂದ ಹೊರಗೆ ಹೋಗಿರುತ್ತದೆ ಅಂತ ಅವಳು ನನಗೆ ಮಾತು ಕೊಟ್ಟಿದ್ದಳು. ನನ್ನ ಬೊಂಬೆಗಳ ಜಾಗ ಅದು. ನನ್ನ ಅತ್ತೆಯ ಅತ್ತೆಯ ಕಾಲದಿಂದ ಪಟ್ಟದ ಗೊಂಬೆ ಕೂತದ್ದು ಅಲ್ಲೇ. ಆದರೆ ಆ ವರ್ಷ ಮಳೆ ಹೋಗುವ ಲಕ್ಷಣವೇ ಕಾಣಲಿಲ್ಲ. ದೋಣಿಯ ಒಳಮೈ ಬಹುತೇಕ ಒಣಗಿತ್ತು. ಹೊರಮೈಗೆ ಬಳಿದ ಕಡೆಯ ವಾರ್ನಿಷ್ ಮಾತ್ರ ಹಲಸಿನ ಅಂಟಿನಂತೆ ಕೂತುಬಿಟ್ಟಿತ್ತು. ಕೈಯಿಟ್ಟು ಎತ್ತುವ ಹಾಗಿಲ್ಲ. ಬೆಳಗಾದರೆ ಪಾಡ್ಯ. ನಯನ ಟೇಬಲ್ ಫ್ಯಾನ್ ಹಿಡಿದು ದೋಣಿಯ ಪಕ್ಕ ಕೂತಿದ್ದಳು, ಮುಖ ಸಪ್ಪಗೆ. ಅವಳ ಚಿಂತೆ ನನ್ನ ಬೊಂಬೆಯದಷ್ಟೇ ಅಲ್ಲ. ದಸರಾ ನೆವ ಹೇಳಿ ಅಪ್ಪನನ್ನು ಕರೆಸಿಕೊಂಡಿದ್ದಳು. ಮದುವೆಯಾದ ಮೇಲೆ ನಮ್ಮ ಮನೆಗೆ ಅವರು ಬರುತ್ತಿದ್ದದ್ದು ಅದೇ ಮೊದಲು. ಸಪ್ತಮಿಗೆ ಬಂದು, ವಿಜಯದಶಮಿಯ ಮಾರನೇ ದಿನ ರಾತ್ರಿ ಬಸ್ಸಿಗೆ ವಾಪಸು. ವಾಪಸಿನ ಟಿಕೆಟು ತೆಗೆದುಕೊಂಡೇ ಒಪ್ಪಿದ ಮನುಷ್ಯ. ಮತ್ತೆ ಯಾವಾಗ ಬರುತ್ತಾರೋ, ಬಂದಾರೋ ಇಲ್ಲವೋ.

ನಾನು ದೋಣಿಯನ್ನು ಒಂದು ಸುತ್ತು ನೋಡಿದೆ. ಒಳಗೆ ಕೂರಲು ಹಾಕಿದ ಅಡ್ಡ ಪಟ್ಟಿಗಳಿದ್ದವು, ಹಂತ ಹಂತವಾಗಿ. ಮೆಟ್ಟಿಲು ಅಂದರೆ ಇನ್ನೇನು?

"ಏಳಮ್ಮ, ಟ್ರಂಕು ತಾ" ಅಂದೆ. "ಬೊಂಬೆ ದೋಣೀಲೇ ಕೂತ್ಕೊಳ್ತವೆ. ಅವೂ ಒಂದ್ಸಲ ನೀರು ಕಾಣೋ ಆಸೆ ಇಟ್ಕೊಂಡಿರ್ಬೋದು."

ಬಿಳಿ ಪಂಚೆ ಹಾಸಿದೆವು. ಪಟ್ಟದ ರಾಜ ರಾಣಿಯರನ್ನು ದೋಣಿಯ ಮೂತಿಯಲ್ಲಿ ಕೂರಿಸಿದೆವು, ಕಾರಿನಲ್ಲಿ ದೊಡ್ಡವರನ್ನು ಮುಂದೆ ಕೂರಿಸುವ ಹಾಗೆ. ನಡುವೆ, ಪಂಚೆ ಸಾಲದ ಕಡೆ, ಶೆಟ್ಟಿಯ ಅಂಗಡಿ, ಹಿಂದೆ ಪೊಲೀಸು, ಬ್ಯಾಂಡಿನವರು, ದಶಾವತಾರ. ಅಂಚಿಗೆಲ್ಲ ಆ ಕೆಂಪು ಹಳದಿ ಝಾಲರು. ಅಂಥ ಬೊಂಬೆ ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಬಾಗಿನ, ಚರುಪಿನ ತಿಂಡಿ ಇಸಿದುಕೊಳ್ಳಲು ಬಂದ ಹೆಂಗಸರು ಮಕ್ಕಳನ್ನು ಕರೆತರಲು ಮನೆಗೆ ಓಡಿಹೋಗಿ ಮತ್ತೆ ಬರುತ್ತಿದ್ದರು. ಸುಂಡಲು ಮಾಡಿ ಮಾಡಿ ನನ್ನ ತೋಳು ಬಿದ್ದುಹೋಯಿತು, ಆದರೆ ಜಂಭಕ್ಕೆ ನೋವಿಲ್ಲ.

ಈ ಜಂಭ ನಮ್ಮ ಯಜಮಾನರಿಗೂ ತಾಗಿತು. ಪಂಚಮಿಯ ಹೊತ್ತಿಗೆ ವಾರ್ನಿಷ್ ಒಣಗಿದ್ದೇ ತಡ, ನಾವೆಲ್ಲ ಹೊರಗೆ ಹೋಗಿದ್ದಾಗ ದೋಣಿಯ ಮೈಗೆ ಸೀರಿಯಲ್ ಸೆಟ್ ಬಿಟ್ಟಿದ್ದರು. ಅಲೆ ಅಲೆಯಾಗಿ, ನೀಲಿ ಬಣ್ಣದ್ದು. ಬಂದು ನೋಡಿದವಳು ನಾನೇ ಹೊಗಳಿದೆ. ಬಲ್ಬಿನ ಸರ ಹೇಗೆ ನಿಂತಿದೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಪ್ತಮಿಯ ಬೆಳಿಗ್ಗೆ ಮಂಜಯ್ಯನವರು ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಸೋತ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಹೊಸಲಿನ ಆಚೆಯೇ ನಿಂತರು. ಒಳಗೆ ಬರಲು ಸಂಕೋಚ ಅಂದುಕೊಂಡೆ. ಅಲ್ಲ. ಅವರ ಕಣ್ಣು ದೋಣಿಯ ಮೇಲಿತ್ತು. ಒಳಗೆ ಬಂದವರು ಕೂರಲಿಲ್ಲ, ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ದೋಣಿಯ ಸುತ್ತ ನಡೆದರು. ಕಲಶ ಇಟ್ಟ ಮೇಲೆ ಅಲುಗಾಡಿಸುವ ಹಾಗಿಲ್ಲ ಅಂತ ನಯನ ಮೊದಲೇ ಹೇಳಿದ್ದಳು. ಅದಕ್ಕೆ ಮುಟ್ಟಲಿಲ್ಲ. ಬಾಗಿ ಬಾಗಿ ನೋಡಿದರು. ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು.

ಕಡೆಗೆ ಅವರು ನನ್ನ ಕಡೆ ತಿರುಗಿ, "ಅಮ್ಮ, ರಾಜರನ್ನ ಮುಂದೆ ಕೂರಿಸಿದ್ರಲ್ಲ, ನಡೆಸುವವರು ಹಿಂದೆ ಕೂರೂದು. ಚುಕ್ಕಾಣಿ ಇರೂದು ಅಲ್ಲಿ" ಅಂದರು.

ದೋಣಿ ಹೇಗಿದೆ ಅಂತ ಮಾತ್ರ ಒಂದು ಮಾತಿಲ್ಲ. ನಯನಳ ಮುಖ ನೋಡಲಾಗಲಿಲ್ಲ ನನಗೆ. ರಾಜ ರಾಣಿಯರ ಮುಂದೆ ಕೈಮುಗಿದು, ತಪ್ಪಾಯಿತೆಂದು ಹೇಳಿ, ಎತ್ತಿ ಹಿಂದಿನ ತುದಿಯಲ್ಲಿ ಕೂರಿಸಿದೆ. ಚುಕ್ಕಾಣಿಯ ಪಕ್ಕಕ್ಕೆ ರಾಣಿಯನ್ನೇ ಇಟ್ಟೆ. ಬೀಗರು ಅದನ್ನು ನೋಡಿ, ಲೋಟದ ನೀರು ಕುಡಿದು ಮುಗಿಸಿದರು.

ನಾಲ್ಕು ದಿನ ಅವರು ಹಾಲಿನಲ್ಲೇ ಕೂತರು. ಜಂಬೂ ಸವಾರಿ ನೋಡಲು ಕರೆದರೆ ಜನಜಂಗುಳಿ ಆಗುವುದಿಲ್ಲ ಅಂದರು. ನಯನ ದೋಣಿಯ ವಿಷಯ ಎತ್ತಿದಾಗಲೆಲ್ಲ ಅವರು ಸೋತ ಕೈಯ ಮಾತು ತೆಗೆಯುತ್ತಿದ್ದರು. ಈ ಕೈಯಲ್ಲಿ ದೋಣಿ ಹತ್ತುವುದು ಎಂತಕ್ಕೆ, ನೀವು ಹೋಗಿಬನ್ನಿ, ನಾನು ದಂಡೆಯಲ್ಲಿ ನಿಂತು ನೋಡುತ್ತೇನೆ ಅನ್ನುವುದು. ದಂಡೆಯಲ್ಲಿ ನಿಲ್ಲುವುದು ಏನೆಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಬಲವಂತ ಮಾಡಲಿಲ್ಲ.

ವಿಜಯದಶಮಿಯ ಸಂಜೆ ಶಾಸ್ತ್ರಕ್ಕೆ ಒಂದು ಬೊಂಬೆಯನ್ನು ಮಲಗಿಸಿ, ಮಾರನೇ ಬೆಳಿಗ್ಗೆ ಎಲ್ಲವನ್ನೂ ಇಳಿಸಿದೆವು. ಸೀರಿಯಲ್ ಸೆಟ್ಟನ್ನು ಯಜಮಾನರು ಬೇರೆ ಯಾರ ಕೈಗೂ ಕೊಡದೆ ಮುಂಚೆಯೇ ಬಿಚ್ಚಿದ್ದರು. ದೋಣಿ ಲಗೇಜ್ ಆಟೋ ಹತ್ತಿತು. ನಾವು ಕಾರಿನಲ್ಲಿ ಹಿಂದೆ. ಕನ್ನಂಬಾಡಿ ಹಿನ್ನೀರಿನ ಅಂಚಿಗೆ, ಯಜಮಾನರ ಜೊತೆ ಪೋಸ್ಟ್‌ಮ್ಯಾನ್ ಆಗಿದ್ದವರೊಬ್ಬರ ಹೊಲವಿದೆ. ಆ ವರ್ಷ ನೀರು ಅವರ ಬದುವಿನ ತನಕ ಬಂದಿತ್ತು. ಮೋಡ ಹರಿದು, ತಿಂಗಳುಗಳ ಮೇಲೆ ಬಿಸಿಲು ಕಂಡಿತ್ತು. ಹೊಸ ಗಾಡಿಗೆ ಪೂಜೆ ಮಾಡದೆ ಹೊರಡಿಸುವ ಜನವೇ ನಾವು? ಹೂವು, ಅರಿಶಿನ ಕುಂಕುಮ, ತೆಂಗಿನಕಾಯಿ, ಊದಿನಕಡ್ಡಿ, ನಿಂಬೆಹಣ್ಣು ಎಲ್ಲ ಒಯ್ದಿದ್ದೆ. ನಿಂಬೆಹಣ್ಣು ಇಡಲು ಮಾತ್ರ ದೋಣಿಗೆ ಚಕ್ರವಿರಲಿಲ್ಲ. ತಂದದ್ದು ತಂದಾಯಿತು ಅಂತ ಲಗೇಜ್ ಆಟೋದ ಚಕ್ರಕ್ಕೇ ಇಟ್ಟೆ. ಅದರ ಡ್ರೈವರ್ ಖುಷಿಯಾಗಿ ದೋಣಿ ಹೊರಲು ಕೈ ಕೊಟ್ಟ. ತಾಮ್ರದ ಚೊಂಬಿನಲ್ಲಿ ಹಿನ್ನೀರು ತುಂಬಿಸಿ ದೋಣಿಗೆ ಪ್ರೋಕ್ಷಣೆ ಮಾಡಿ, ಚೊಂಬನ್ನು ಅಲ್ಲೇ ಪಟ್ಟಿಯ ಕೆಳಗೆ ಮರೆತೆ.

ದೋಣಿ ನೀರಿಗಿಳಿಯಿತು. ತೇಲಿತು. ನಯನ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಹಾಕಿಕೊಂಡು ಹತ್ತಿ, ಹಿಂದೆ ಚುಕ್ಕಾಣಿ ಹಿಡಿದು ಕೂತಳು. ಅಪ್ಪನ ಕಡೆ ನೋಡಲಿಲ್ಲ. ಇನ್ನೊಂದು ಜಾಕೆಟ್ ಮುಂದಿನ ಪಟ್ಟಿಯ ಮೇಲಿತ್ತು.

ನನಗೆ ತಡೆಯಲಾಗಲಿಲ್ಲ. "ಬೀಗರೇ," ಅಂದೆ, "ನಮ್ಮ ಬೊಂಬೆಗಳು ಹತ್ತು ದಿನ ಕೂತು ಎದ್ದು ಬಂದ್ವು. ಒಂದಕ್ಕೂ ಏನೂ ಆಗ್ಲಿಲ್ಲ."

ಅವರು ನಕ್ಕರು. ಬಂದ ಮೇಲೆ ಮೊದಲ ಸಲ. ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, ಮೊಣಕಾಲು ನೀರಿಗೆ ಇಳಿದು ದೋಣಿಯ ಅಂಚಿನ ಮೇಲೆ ಅಂಗೈ ಇಟ್ಟರು. ಬಂದಾಗಿನಿಂದ ಮುಟ್ಟಲಾಗದ್ದನ್ನು ಒಂದು ಗಳಿಗೆ ಸವರಿದರು. ಆಮೇಲೆ ಹೇಗೆ ಹತ್ತಿದರೋ ಕಾಣಲಿಲ್ಲ, ಹತ್ತಿ ಮುಂದೆ ಕೂತಿದ್ದರು. ನಯನ ಹಾಯಿಯ ಹಗ್ಗ ಎಳೆದಳು. ಪಡುವಣ ಗಾಳಿ ತುಂಬಿತು. ಶಾಮಿಯಾನದ ಬಟ್ಟೆ ಉಬ್ಬಿ, ಯಾವ ಮದುವೆ ಮನೆಯಲ್ಲೂ ನಿಲ್ಲದಷ್ಟು ಚೆಂದ ನಿಂತಿತು. ನನ್ನ ಕಣ್ಣಲ್ಲಿ ನೀರು. ಸುಧೀಂದ್ರ ಫೋನಿನಲ್ಲಿ ವಿಡಿಯೋ ತೆಗೆಯುತ್ತಾ ಅಳುತ್ತಿದ್ದ.

ಅವರು ಒಂದು ಹೊಲದಷ್ಟು ದೂರ ಹೋಗಿದ್ದರು. ನಯನ ತಟ್ಟನೆ ತಳದ ಕಡೆ ಬಗ್ಗಿದ್ದು ಕಂಡಿತು. ಮಂಜಯ್ಯನವರು ಪಟ್ಟಿಯಿಂದ ಕೆಳಗಿಳಿದು ತಳದಲ್ಲಿ ಕೂತರು. ಪಕ್ಕದಲ್ಲಿ ಯಜಮಾನರ ಮುಖ ಸುಣ್ಣದ ಗೋಡೆಯಾಗಿತ್ತು.

"ಲೇ," ಅಂದರು ಮೆಲ್ಲಗೆ, "ಪೇಸ್ಟು ಕರಗ್ಬುಡ್ತು ಅಂತ ಕಾಣುತ್ತೆ ಕಣೇ."

ಆಗ ಹೊರಗೆ ಬಂತು. ಸೀರಿಯಲ್ ಸೆಟ್ ನಿಲ್ಲಿಸಲು ದೋಣಿಯ ಮೈಗೆ ಮೊಳೆ ಹೊಡೆದಿದ್ದರು. ಅದೂ ಕಣ್ಣಿಗೆ ಕಾಣಬಾರದೆಂದು ಆದಷ್ಟು ಕೆಳಗೆ, ನಾಲ್ಕು ಮೊಳೆ. ಬಿಚ್ಚುವಾಗ ಮೊಳೆ ಕಿತ್ತು, ತೂತಿಗೆ ಟೂತ್‌ಪೇಸ್ಟ್ ತುಂಬಿದ್ದರು. ಊರೂರು ವರ್ಗವಾಗಿ, ಬಾಡಿಗೆ ಮನೆ ಬಿಡುವಾಗ ಗೋಡೆಯ ತೂತಿಗೆ ಟೂತ್‌ಪೇಸ್ಟ್ ಮೆತ್ತಿ ಮಾಲೀಕರಿಂದ ಒಂದು ಮಾತು ಕೇಳದೆ ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ. ಬಿಳಿ ಬಣ್ಣ ಎದ್ದು ಕಾಣುತ್ತದೆಂದು ಅದಕ್ಕೆ ಚಿಟಿಕೆ ಕಾಫಿಪುಡಿ ಬೇರೆ ಬೆರೆಸಿದ್ದರಂತೆ, ಮರದ ಬಣ್ಣ ಬರಲಿ ಅಂತ. ಬಂದಿತ್ತು. ಸ್ವಂತ ಸೊಸೆಗೇ ಗೊತ್ತಾಗದಷ್ಟು ಬಂದಿತ್ತು. ಗೋಡೆ ನೀರಿನಲ್ಲಿ ತೇಲುವುದಿಲ್ಲ ಅನ್ನುವುದೊಂದನ್ನು ಮರೆತಿದ್ದರು. ಅವರು ಪ್ಯಾಂಟು ಮಡಿಸದೆ ಹಾಗೇ ನೀರಿಗಿಳಿದು, ಅಲ್ಲಿಗೆ ಹೋಗಿ ಹಿಡಿದು ತರುವವರಂತೆ ನಿಂತರು. ಈಜು ಬಾರದವರು.

ದೋಣಿ ಈಗ ತಿರುಗುತ್ತದೆ, ಈಗ ತಿರುಗುತ್ತದೆ ಅಂತ ಕಾದೆವು. ತಿರುಗಲಿಲ್ಲ. ಆಗ ಬಿಸಿಲಿಗೆ ಏನೋ ಮಿಂಚಿತು. ನನ್ನ ತಾಮ್ರದ ಚೊಂಬು. ಮಂಜಯ್ಯನವರು ತಳದಲ್ಲಿ ಕೂತು, ಬಲಗೈಯಲ್ಲಿ ಚೊಂಬು ಹಿಡಿದು, ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಒಂದು, ಮತ್ತೊಂದು, ಮತ್ತೊಂದು. ಆತುರವಿಲ್ಲ. ಗಿಡಕ್ಕೆ ನೀರು ಹಾಕುವವರ ಹಾಗೆ. ಹಿಂದೆ ಮಗಳು ನೆಟ್ಟಗೆ ಕೂತು ಚುಕ್ಕಾಣಿ ಹಿಡಿದಿದ್ದಳು. ಹಾಯಿ ಇಳಿಯಲೇ ಇಲ್ಲ. ದೂರದ ನಡುಗಡ್ಡೆಯ ತನಕ ಹೋಗಿ, ಅದನ್ನು ಬಳಸಿ, ಸುತ್ತು ಪೂರಾ ಮಾಡಿಕೊಂಡೇ ದಂಡೆಗೆ ಬಂದರು.

ಯಜಮಾನರು ನೀರಿನಲ್ಲಿ ನಿಂತೇ ಕೈಮುಗಿದು ಎಲ್ಲ ಒಪ್ಪಿಕೊಂಡರು. ಮಂಜಯ್ಯನವರು ಕೇಳಿಸಿಕೊಂಡರು, ತೂತಿನ ಹತ್ತಿರ ಮೂಗು ಹಿಡಿದು ನೋಡಿದರು. ಪುದೀನ ವಾಸನೆ. ಆಮೇಲೆ ಶುರುವಾದ ನಗು, ಪಂಚೆ ಒದ್ದೆ ಮಾಡಿಕೊಂಡು ದಂಡೆಯ ಮೇಲೆ ಕೂತರೂ ನಿಲ್ಲಲಿಲ್ಲ. ನಯನ ಪೂಜೆಯ ಬುಟ್ಟಿಯಿಂದ ಊದಿನಕಡ್ಡಿಯ ಕಟ್ಟು ತಂದು, ಮಸಾಲೆ ಉಜ್ಜಿ ತೆಗೆದು, ಬಿದಿರು ಕಡ್ಡಿಗಳನ್ನು ಎರಡೆರಡಾಗಿ ತೂತಿಗೆ ತುರುಕಿ ಕಲ್ಲಿನಿಂದ ಬಡಿದು ಮುರಿದಳು. ನೆನೆದ ಬಿದಿರು ಉಬ್ಬಿ ತೂತು ಬಿಗಿಯಾಯಿತು. ಬೀಗರು ಅದರ ಮೇಲೆ ಹೆಬ್ಬೆಟ್ಟು ಆಡಿಸಿ, "ಅಡ್ಡಿಲ್ಲ" ಅಂದರು. ಅದೂ ಒಂದು ಹೊಗಳಿಕೆಯೇ ಅನ್ನಿಸಿತು ನನಗೆ. ಆದರೆ ನಯನ ಮುಖ ತಿರುಗಿಸಿ ಹಿನ್ನೀರಿನ ಕಡೆ ನೋಡುತ್ತಾ ನಿಂತಳು. ಅವಳಪ್ಪ ಇಡೀ ಜೀವಮಾನದಲ್ಲಿ ಆ ಮಾತು ಹೇಳಿದ್ದು ಎರಡೋ ಮೂರೋ ದೋಣಿಗಂತೆ.

ಆ ರಾತ್ರಿಯ ಬಸ್ಸು ಅವರಿಲ್ಲದೆ ಹೊನ್ನಾವರಕ್ಕೆ ಹೋಯಿತು. ಸಂಜೆ ಅಡಿಗೆಮನೆಯಲ್ಲಿ ನಯನಳನ್ನು ಕೇಳಿದೆ, ನೀರು ಬಂದಾಗ ಯಾಕೆ ತಿರುಗಿಸಿಕೊಂಡು ಬರಲಿಲ್ಲ, ನಮ್ಮ ಜೀವ ಹೋಗುವುದೊಂದು ಬಾಕಿ ಇತ್ತಲ್ಲ ಅಂತ.

"ಕೇಳ್ದೆ ಅತ್ತೆ. ಅಪ್ಪ, ವಾಪಸ್ ತಿರುಗಿಸ್ಲಾ ಅಂತ ಕೇಳ್ದೆ. ತಲೆ ಎತ್ತದೇ ನೀರು ಮೊಗೀತಾನೇ ಇದ್ರು. 'ಚುಕ್ಕಾಣಿ ನಿನ್ನ ಕೈಯಲ್ಲಿ ಅದೆ. ನೀರು ಮೊಗೆಯುವವನನ್ನ ಎಂತಕ್ಕೆ ಕೇಳ್ತೀ?' ಅಂದ್ರು."

ಹೇಳಿ ಅವಳು ಚೊಂಬು ತೊಳೆಯತೊಡಗಿದಳು. ತೊಳೆದದ್ದನ್ನೇ ತೊಳೆದಳು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ.

ದೋಣಿ ಈಗ ಆ ಪೋಸ್ಟ್‌ಮ್ಯಾನ್ ಹೊಲದ ಕೊಟ್ಟಿಗೆಯಲ್ಲಿದೆ. ಊದಿನಕಡ್ಡಿಯ ಮೇಲೆ ನಯನ ಅಂಟು ಹಾಕಿ ಉಜ್ಜಿದ ಮೇಲೆ ಒಂದು ಹನಿ ನೀರೂ ಒಳಗೆ ಬರುವುದಿಲ್ಲ. ದೇವರ ಮನೆಗೆ ನಾನು ಬೇರೆ ಚೊಂಬು ತಂದುಕೊಂಡೆ. ಬೀಗರು ಪ್ರತಿ ದಸರಾಕ್ಕೂ ಬರುತ್ತಾರೆ, ನಾಳೆಯೂ ಬರುತ್ತಿದ್ದಾರೆ. ದೋಣಿ ಹತ್ತಿದರೆ ಅವರು ಈಗಲೂ ಪಟ್ಟಿಯ ಮೇಲೆ ಕೂರುವುದಿಲ್ಲ. ಒಣಗಿದ ತಳದಲ್ಲಿ, ಮಗಳ ಕಾಲ ಬಳಿ, ಆ ತಾಮ್ರದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ.